ಅಕ್ಕನ ಮನಸ್ಸಲ್ಲಿ ಹಗೆಯಿಲ್ಲ

“ದ್ವೇಷ ಅಂದ್ರೆ ಮನಸ್ಸಲ್ಲಿ ಹಗೆ ಇರಬೇಕು,” ಎಂದರು ದೂರು ವಿಚಾರಿಸಲು ಬಂದಿದ್ದ ವಕೀಲರು. “ಅಕ್ಕನಿಗೆ ಹಗೆ ಎಲ್ಲಿದೆ?” ಹಿರಿಯ ನರ್ಸನ್ನು ಇಡೀ ಆಸ್ಪತ್ರೆ ಅಕ್ಕ ಎನ್ನುತ್ತಿತ್ತು. ದೂರು ಕೊಟ್ಟ ಕಿರಿಯ ನರ್ಸ್ ಅಕ್ಕನ ಪಕ್ಕದಲ್ಲೇ ಕೂತಿದ್ದಳು. ಹೊಳೆಯಾಚೆಯಿಂದ ಬಂದ ಇವಳು ಮೊದಲು ಮುಟ್ಟಿದ ಮಗುವಿಗೆ ಏಳಿಗೆಯಾಗುವುದಿಲ್ಲವೆಂದು ಬಾಣಂತಿಯರ ಮನೆಯವರು ಗೊಣಗಿದ್ದಕ್ಕೆ ಅಕ್ಕ ಅವಳನ್ನು ಹೆರಿಗೆ ಕೋಣೆಯಿಂದ ತೆಗೆದು ಬಟ್ಟೆ ಒಗೆಯುವಲ್ಲಿಗೆ ಹಾಕಿದ್ದರು.

“ಹಾಗಾದ್ರೆ ತಾರತಮ್ಯ ಅನ್ನೋಣ್ವಾ?” ಎಂದರು ಆಸ್ಪತ್ರೆಯ ಮ್ಯಾನೇಜರು.

“ಸಂಬಳ ಕಮ್ಮಿ ಮಾಡಿಲ್ವಲ್ರೀ. ವರದಿಯಲ್ಲಿ ಪೂರ್ವಗ್ರಹ ಅಂತ ಹಾಕೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.” ವಕೀಲರು ಅವಳತ್ತ ತಿರುಗಿದರು. “ನೀವೇ ಹೇಳಮ್ಮ, ಯಾವ ಪದ ಆಗಬಹುದು?”

ದ್ವೇಷ ಎಂದರೆ ಅಕ್ಕನ ಕೆಲಸ ಹೋಗುತ್ತಿತ್ತು. ಪೂರ್ವಗ್ರಹ ಎಂದರೆ ಅಕ್ಕನಿಗೆ ಎರಡು ಬುದ್ಧಿಮಾತು, ಅವಳಿಗೆ ಮತ್ತದೇ ಒಗೆಯುವ ಕೋಣೆ. ಕೆಲಸ ಕಲಿಸಿದ್ದೂ, ಜ್ವರ ಬಂದಾಗ ಗಂಜಿ ಕುಡಿಸಿದ್ದೂ ಇದೇ ಅಕ್ಕ.

ಅಷ್ಟರಲ್ಲಿ ಆಯಾ ಬಾಗಿಲು ತಳ್ಳಿದಳು. “ಅಕ್ಕಾ, ಎರಡು ಹೆರಿಗೆ ಒಟ್ಟಿಗೇ ಬಂದಿದೆ! ಕೈ ಸಾಲ್ತಿಲ್ಲ, ಬೇಗ ಬನ್ನಿ!” ಅಕ್ಕ ಎದ್ದರು. ತೋಳು ಮಡಿಸಿಕೊಳ್ಳುತ್ತ ಅವಳೂ ಎದ್ದಳು. ಅಕ್ಕ ಅವಳ ಭುಜ ಹಿಡಿದು, ಸ್ವಂತ ತಂಗಿಯನ್ನೆಂಬಂತೆ ಮೆಲ್ಲಗೆ ಒತ್ತಿ ಕೂರಿಸಿದರು. “ನೀನು ಬೇಡ ಪುಟ್ಟಾ. ಕೂತ್ಕೋ, ಒಂದ್ಲೋಟ ನೀರು ಕುಡಿ.” ಹೇಳಿ ಓಡಿದರು.

“ನೋಡಿದ್ರಾ, ಎಷ್ಟು ಅಕ್ಕರೆ!” ವಕೀಲರು ಪೆನ್ನು ಕೆಳಗಿಟ್ಟರು. “ಇದನ್ನ ಏನಂತ ಕರೀತೀರಿ, ಹೇಳಿ?”

ಅವಳು ಏಳಲು ನೋಡಿದಳು, ಭುಜದ ಮೇಲೆ ಯಾರ ಕೈಯೂ ಇರಲಿಲ್ಲ, ಆದರೂ ಏಳಲಾಗಲಿಲ್ಲ.