ಧಣಿಗೆ ಕೊಟ್ಟ ಅಂಜಲ್

ನಿಮ್ಮ ನಾಯಕ ಒಳಗೇ ಇದ್ದುಕೊಂಡು "ನಾನಿಲ್ಲ ಅಂತ ಹೇಳು" ಎನ್ನುವುದನ್ನು ನೀವು ಹೊರಗೆ ನಿಂತು ಕೇಳಿದ್ದೀರಾ? ನಾನು ಕೇಳಿದ್ದೇನೆ. ಇವತ್ತಿಗೂ ಎಲ್ಲಾದರೂ ಅಂಜಲ್ ಮೀನು ಕಾಯಿಸುವ ವಾಸನೆ ಬಂದರೆ ಆ ದನಿ ಕೇಳುತ್ತದೆ.

ಅರುವತ್ತರ ದಶಕ, ನನಗೆ ಏಳು ವರ್ಷ. ಕಡಲಿಗೆ ಹೋದ ಅಪ್ಪನ ದೋಣಿ ಎರಡು ದಿನವಾದರೂ ಬಂದಿರಲಿಲ್ಲ. ಹುಡುಕಲು ಮಂಗಳೂರು ಬಂದರಿನಿಂದ ಲಾಂಚ್ ಹೊರಡಬೇಕು, ಅದಕ್ಕೆ ನಮ್ಮ ವೋಟಿನಲ್ಲಿ ಗೆದ್ದ ಧಣಿಯ ಒಂದು ಫೋನ್ ಸಾಕು. ಅವರ ಮನೆಗೆ ಬರಿಗೈಯಲ್ಲಿ ಹೋಗುವ ಕ್ರಮವಿರಲಿಲ್ಲ. ಅಮ್ಮ ನೆರೆಮನೆಯಿಂದ ಅಂಜಲ್ ಕೇಳಿ ತಂದು, ನನ್ನ ಕೈ ಹಿಡಿದು ಮಧ್ಯಾಹ್ನದ ಬಿಸಿಲಲ್ಲಿ ಓಡಿದಳು.

ಕೆಲಸದ ಹುಡುಗಿ ಮೀನನ್ನು ಒಳಗೆ ಕೊಂಡುಹೋದಳು. ನಾವು ಕಾದ ಮೆಟ್ಟಿಲ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಮೀನು ಕಾಯಿಸುವ ವಾಸನೆ ಬಂತು, ಹಿಂದೆಯೇ ಧಣಿಯ ದನಿ: "ನಾನಿಲ್ಲ ಅಂತ ಹೇಳು ಮಾರಾಯ್ತಿ. ಊಟದ ಹೊತ್ತಿಗೆ ಎಂತ ಇವರದ್ದು ರಗಳೆ!"

ಹುಡುಗಿ ಹೊರಗೆ ಬಂದು ತಲೆ ತಗ್ಗಿಸಿ "ಧಣಿ ಇಲ್ಲ ಅಕ್ಕಾ" ಎಂದಳು.

"ಅವರ ಊಟ ಆಗಲಿ ಮಗಾ," ಅಂದಳು ಅಮ್ಮ. "ನಾವು ಕೂತ್ಕೊಳ್ತೇವೆ."

ಸಂಜೆಯವರೆಗೂ ಕುಳಿತೆವು. ಅಪ್ಪ ಮತ್ತೆ ಬರಲೇ ಇಲ್ಲ.

ಕರೆದಾಗ ಬಾಗಿಲಿಗೆ ಎದ್ದು ಬಂದ ಒಬ್ಬ ನಾಯಕನನ್ನಾದರೂ ನೀವು ಕಂಡಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಒಬ್ಬನಾದರೂ ಇದ್ದ ಅಂತ ನನಗೆ ಓದಬೇಕು.