ಸಾಕು ಅಂದ ಮೇಲೆ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಾರುಗಳಿಗೇನು ಬರ? ಆದರೂ ಜನ ಮುಗಿಬೀಳುತ್ತಿದ್ದದ್ದು ಈ ಅಮೆರಿಕನ್ ಶೈಲಿಯ ಬಾರಿಗೇ. ಅಂಟಂಟು ಮೇಜು, ಗೀಚಿ ಹಾಳಾದ ಗೋಡೆ, ಅಗ್ಗದ ಬಿಯರು, ಅದರ ಮೇಲೆ ಸಿನಿಮಾದಲ್ಲಿರುವಂಥ ಒಂದು ಹೊಡೆದಾಟ. ಅದು ನಾಟಕವೆಂದು ಎಲ್ಲರಿಗೂ ಗೊತ್ತು. ಅದಕ್ಕೆಂದೇ ಮಾಲೀಕ ನಂಜನಗೂಡಿನ ಒಂದೇ ಗರಡಿಯ ಇಬ್ಬರು ಪೈಲ್ವಾನರನ್ನು ಇಟ್ಟುಕೊಂಡಿದ್ದ. ಕೆಂಡಗಣ್ಣ ಗೆಲ್ಲಬೇಕು, ಮಾದೇಶ ಸೋಲಬೇಕು. ತಲೆಯ ಮೇಲೆ ಒಡೆಯುವ ಬಾಟಲಿಗಳು ಗಾಜಿನವಲ್ಲ, ಸಕ್ಕರೆ ಪಾಕ ಎರಕ ಹೊಯ್ದವು. ನಿಜವಾಗಿ ನೋವಾದರೆ ‘ಸಾಕು’ ಅನ್ನಬೇಕು. ಅಲ್ಲಿನವರಿಗೆ ಆ ಮಾತು ತಿಳಿಯದು.

ಮಾದೇಶ ಸಾಕು ಅಂದ ಮೇಲೂ ಕೆಂಡಗಣ್ಣ ಇನ್ನೊಂದು ಬಿಗಿಯುತ್ತಿದ್ದ. ಚಪ್ಪಾಳೆ ಬೀಳುತ್ತಿದ್ದದ್ದೇ ಆ ಏಟಿಗೆ.

“ಯಾಕಣ್ಣ, ಸಾಕು ಅಂದ್ನಲ್ಲ?” ಎಂದು ಮಾದೇಶ ರಕ್ತ ಉಗುಳಿದರೆ, “ಅಂದ್ಮೇಲೆ ಒಂದು ಕೊಟ್ರೇನೇ ಕಣ್ಲಾ ಕಳೆ ಕಟ್ಟೋದು,” ಎಂದು ಕೆಂಡಗಣ್ಣ ನಗುತ್ತಿದ್ದ.

ಇಂದು ಮಾದೇಶ ಬೀಳಲಿಲ್ಲ. ಕಾಲಿಗೆ ಕಾಲು ಕೊಟ್ಟು ಕೆಂಡಗಣ್ಣನನ್ನೇ ಕೆಡವಿದ, ಎದೆಯ ಮೇಲೆ ಮಂಡಿಯೂರಿ ಮೂಗು ಮುರಿಯುವಂತೆ ಗುದ್ದಿದ. ಜನ ಹುಚ್ಚೆದ್ದು ಕೂಗಿದರು. ಮಾದೇಶ ಕೈ ಚಾಚಿ ಒಂದು ಬಾಟಲಿ ಎತ್ತಿದ. ಅದರೊಳಗೆ ವಿಸ್ಕಿ ತುಳುಕುತ್ತಿರುವುದು ಕೆಂಡಗಣ್ಣನಿಗೆ ಕಂಡಿತು. ಸಕ್ಕರೆಯ ಬಾಟಲಿಗಳು ಖಾಲಿ ಇರುತ್ತವೆ.

“ಸಾಕು! ಸಾಕು ಕಣ್ಲಾ ಮಾದೇಸ!”

“ಅಂದ್ಬುಟ್ಯಾ ಅಣ್ಣ?” ಮಾದೇಶ ನಕ್ಕ. “ಇನ್ನೊಂದೇ ಒಂದು. ಕಳೆ ಕಟ್ಲಿ.”