ಕೋಠಿಯ ಪೊಟ್ಟಣ

ಗುರುಬಸವ ತಟ್ಟನೆ ಹಳೆ ಪುಸ್ತಕದ ರಾಶಿಯ ಹಿಂದೆ ಕುಕ್ಕರಿಸಿದ. ಆರಡಿ ಮೂರಂಗುಲದ ಬಾಸ್ಕೆಟ್‌ಬಾಲ್ ಕೋಚ್ ಅಡಗಿ ಕೂರುವುದೆಂದರೆ ಸಣ್ಣ ಮಾತಲ್ಲ, ಅದೂ ಕೋಠಿ ಪೇಟೆಯ ಆ ನೂಕುನುಗ್ಗಲಿನಲ್ಲಿ. ಆದರೆ ಕಂಡದ್ದು ಅಂಥದ್ದು. ಎದುರಿನ ಔಷಧಿ ಅಂಗಡಿಯ ಮುಂದೆ ಅವನ ತಂಡದ ನಾಯಕ ಚೇತನಕುಮಾರ ನಿಂತಿದ್ದ. ಪಕ್ಕದಲ್ಲಿದ್ದವನು ವಿಶ್ವಜಿತ್. ನಾಳೆ ಫೈನಲ್‌ನಲ್ಲಿ ಎದುರಾಗುವ ಗಚ್ಚಿಬೌಲಿ ಕಡೆಯ ಕಾಲೇಜಿನ ನಾಯಕ.

ಚೇತನ ಎರಡು ಪೊಟ್ಟಣ ಕೊಂಡು ಒಂದನ್ನು ವಿಶ್ವಜಿತ್‌ನ ಕೈಗಿಟ್ಟ.

“ಒಬ್ಬೊಬ್ಬರಿಗೆ ಎರಡೆರಡು ಸಾಕು. ಇದಿಲ್ಲಂದ್ರ ನಾಳೆ ತಡಕೊಳ್ಳಾಕ ಆಗಂಗಿಲ್ಲ ನೋಡಪಾ.”

“ನಿಮ್ಮ ಕೋಚಿಗೆ ಗೊತ್ತೈತೇನು?” ಬೀದರದಿಂದ ಅಲ್ಲಿಗೆ ಓದಲು ಬಂದಿದ್ದ ವಿಶ್ವಜಿತ್ ಕೇಳಿದ.

“ಮೊದಲ ಹೇಳಿದ್ರ ಬೈತಾರ. ಆದ್ರೂ ಪಾಪ, ಅವರ ಪಾಲಿಂದು ತೆಗೆದಿಟ್ಟೀನಿ.”

ಗುರುಬಸವನಿಗೆ ಹೊಳೆದದ್ದು ಒಂದೇ: ಗುಳಿಗೆ. ಶಕ್ತಿ ಬರಿಸುವ ಗುಳಿಗೆ, ಮತ್ತೇನು? ಹನ್ನೊಂದು ವರ್ಷದಲ್ಲಿ ಮೊದಲ ಸಲ ತಂಡ ಒಂದೂ ಪಂದ್ಯ ಸೋಲದೆ ಫೈನಲ್ ಮುಟ್ಟಿತ್ತು. ಎಲ್ಲ ತನ್ನ ತಾಲೀಮಿನ ಫಲವೆಂದು ಅವನು ಮನೆಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಈಗ ಯಾರಾದರೂ ಹುಡುಗರ ರಕ್ತ ಪರೀಕ್ಷೆ ಮಾಡಿಸಿದರೆ ಕಪ್ಪೂ ಹೋಯಿತು, ಮಾನವೂ ಹೋಯಿತು, ನೌಕರಿಯೂ ಹೋಯಿತು.

ಸೆಮಿಫೈನಲ್ ಗೆದ್ದ ಸಂಜೆ ಭಾವಮೈದುನನ ಗೃಹಪ್ರವೇಶಕ್ಕೆ ಓಡಿದ್ದೇ ತಪ್ಪಾಯಿತು ಎಂದು ತನ್ನನ್ನೇ ಬೈದುಕೊಂಡ. ಈ ಪಂದ್ಯಾವಳಿ ನಡೆಸುವ ಸಂಘದ ಅಧ್ಯಕ್ಷ ಶಾಂತಪ್ಪನವರು ಅವತ್ತು ಫೈನಲ್‌ಗೆ ಬಂದ ಎರಡೂ ತಂಡಗಳಿಗೆ ಸನ್ಮಾನ ಮಾಡಿದ್ದರಂತೆ. ಇವರಿಬ್ಬರಿಗೂ ದೋಸ್ತಿ ಬೆಳೆದದ್ದು ಅಲ್ಲೇ ಇರಬೇಕು.

ಮರುದಿನ ಗುರುಬಸವ ಚೇತನನನ್ನು ಬೆಂಚಿನ ಮೇಲೆ ಕೂರಿಸಿದ. ಕಾರಣ ಹೇಳಲಿಲ್ಲ. ನಾಯಕನಿಲ್ಲದ ತಂಡ ದಿಕ್ಕುತಪ್ಪಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ಹದಿನಾಲ್ಕು ಅಂಕ ಹಿಂದೆ. ಗುರುಬಸವನಿಗೆ ಗೆದ್ದರೆ ಭಯ, ಸೋತರೆ ದುಃಖ. ಬೆಂಚಿಗೆ ಹೋಗಿ ಚೇತನನ ಪಕ್ಕ ಕೂತ.

“ಲೇ, ನಿನ್ನೆ ಕೋಠಿಯೊಳಗ ಏನ್ ತಗೊಂಡಿ? ಖರೇ ಹೇಳು.”

ಚೇತನ ಬೆಪ್ಪಾದ. ಹಿಂದಿನ ಸಾಲಿನತ್ತ ಕಳ್ಳನೋಟ ಬೀರಿದ. ಅಲ್ಲಿ ಶಾಂತಪ್ಪನವರು ತೊಡೆಯ ಮೇಲೆ ಕಡತವೊಂದನ್ನು ಇಟ್ಟುಕೊಂಡು ಕೂತಿದ್ದರು.

“ಇಲ್ಲಿ ಹೇಳಾಕ ಬರಂಗಿಲ್ರಿ ಸರ್. ಆದ್ರ ಇನ್ನೂ ಯಾರೂ ಅದನ್ನ ಮುಟ್ಟಿಲ್ರಿ, ನಿಮ್ಮ ಪಾದದಾಣೆ. ಅದರ ಕೆಲಸ ಇರೋದ ಮ್ಯಾಚ್ ಮುಗಿದಮ್ಯಾಲೆ.”

ಹುಡುಗನ ಕಣ್ಣಲ್ಲಿ ನೀರಿತ್ತು. ಮುಗಿದ ಮೇಲೆ ನುಂಗುವ ಗುಳಿಗೆ ಯಾವುದಪ್ಪಾ ಎಂದು ಗುರುಬಸವನಿಗೆ ತಲೆ ಕೆಟ್ಟುಹೋಯಿತು. ಮುಟ್ಟಿಲ್ಲವೆಂದನಲ್ಲ, ಅಷ್ಟು ಸಾಕು. ಹೋಗು, ಆಡು ಎಂದ.

ಚೇತನ ಆಡಿದ ನೋಡಿ. ಕೊನೆಯ ಸೀಟಿಗೆ ಎರಡು ಸೆಕೆಂಡಿರುವಾಗ ಎಸೆದ ಚೆಂಡು ರಿಂಗಿನ ಅಂಚಿಗೆ ಬಡಿದು, ಯೋಚಿಸಿ, ಒಳಗೆ ಬಿತ್ತು. ಒಂದೇ ಅಂಕದ ಗೆಲುವು. ಗುರುಬಸವ ಎಲ್ಲ ಮರೆತು ಕುಣಿದ.

ಸನ್ಮಾನಕ್ಕೆ ಎರಡೂ ತಂಡಗಳನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಸಭಾಂಗಣದ ಬಾಗಿಲು ಮುಚ್ಚಿದರು. ಶಾಂತಪ್ಪನವರು ಮೈಕಿನ ಮುಂದೆ ಬಂದು ಕಡತ ಬಿಚ್ಚಿದಾಗ ವಿಶ್ವಜಿತ್‌ನ ತಂಡದವರು ಒಟ್ಟಿಗೇ ಜೇಬಿಗೆ ಕೈಹಾಕಿದರು. ಚೇತನ ಶಾಲಿನ ಮರೆಯಲ್ಲಿ ಪೊಟ್ಟಣವನ್ನು ಕೋಚಿನ ಅಂಗೈಗೆ ತುರುಕಿದ. ಇಷ್ಟು ಜನರೆದುರಿಗೇ? ಗುರುಬಸವ ಬೆವರಿದ.

“ಮೊದಲಿಗೆ, ಚೆಂಡು ಎಂಬ ವಸ್ತುವಿನ ಉಗಮವನ್ನು ನೋಡೋಣ,” ಎಂದರು ಶಾಂತಪ್ಪನವರು.

“ಹತ್ತಿ ಐತ್ರಿ ಸರ್,” ಚೇತನ ಪಿಸುಗುಟ್ಟಿದ, “ಹೋದ ಸಲ ನಾಲ್ಕು ತಾಸು ಮಾತಾಡ್ಯಾರ, ಲಗೂನ ಎರಡೂ ಕಿವಿಗೆ ಇಟಗೋರಿ.”